‘ಹಲೋ’ ಪದದ ಅರ್ಥ, ಮೂಲ ಮತ್ತು ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಒಂದಕ್ಷರವೂ ಬಾರದವರ ಬಾಯಲ್ಲೂ ಸಲೀಸಾಗಿ ಬರುವ ಇಂಗ್ಲಿಷ್ ಪದಗಳಲ್ಲಿ ‘ಹಲೋ’ ಮುಖ್ಯವಾದುದು. ಇಷ್ಟು ಬಳಕೆಯಲ್ಲಿರುವುದರಿಂದಲೇ ಅದರ ಬಗ್ಗೆ ನಿಜಕ್ಕಿಂತ ಕಟ್ಟುಕತೆಗಳೇ ಹೆಚ್ಚು ಹಬ್ಬಿವೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡು, ದಾಖಲೆಗಳಿಂದ ತಿಳಿದುಬರುವುದನ್ನು ಹೇಳಲಾಗಿದೆ.

‘ಹಲೋ’ ಎಂಬುದಕ್ಕೆ ಖಚಿತವಾದ ಅರ್ಥವೇನಾದರೂ ಇದೆಯೇ?

‘ಮರ’, ‘ನೀರು’ ಎಂಬ ಪದಗಳಿಗಿರುವ ಬಗೆಯ ಅರ್ಥ ಇದಕ್ಕಿಲ್ಲ. ನಮ್ಮ ವ್ಯಾಕರಣಗಳಲ್ಲಿ ‘ಅಯ್ಯೋ’, ‘ಅಬ್ಬಾ’, ‘ಎಲೈ’ ಮುಂತಾದವನ್ನು ಅವ್ಯಯಗಳ ಸಾಲಿಗೆ ಸೇರಿಸುವಂತೆ, ಇಂಗ್ಲಿಷಿನ ವ್ಯಾಕರಣಗಳೂ ಇದನ್ನು ಉದ್ಗಾರಗಳ ಗುಂಪಿನಲ್ಲಿ ಇರಿಸುತ್ತವೆ. ಇಂತಹ ಪದಗಳು ಯಾವ ವಸ್ತುವನ್ನೂ ಹೆಸರಿಸುವುದಿಲ್ಲ. ಆಡಿದ ಕ್ಷಣದಲ್ಲಿ ಒಂದು ಕೆಲಸವನ್ನು ಮಾಡಿ ಮುಗಿಸುತ್ತವೆ. ಇಂದು ‘ಹಲೋ’ ಮಾಡುವ ಕೆಲಸ ವಂದನೆಯದೆಂದು ನಾವು ತಿಳಿದಿದ್ದೇವೆ, ಆದರೆ ಅದರ ಮೊದಲ ಕೆಲಸ ಅದಾಗಿರಲಿಲ್ಲ. ದೂರದಲ್ಲಿರುವವರ ಗಮನವನ್ನು ತನ್ನತ್ತ ಸೆಳೆಯುವ ಕೂಗು ಅದು. ಒಬ್ಬರು ಕೂಗುವುದು, ಇನ್ನೊಬ್ಬರು ಆ ಕೂಗಿಗೆ ಓಗೊಡುವುದು ಎಂದು ಕನ್ನಡದಲ್ಲಿ ನಾವು ಬೇರ್ಪಡಿಸಿ ಹೇಳುತ್ತೇವಲ್ಲ, ದೂರವಾಣಿಯಲ್ಲಿ ಆ ಎರಡೂ ಕೆಲಸಗಳನ್ನು ಇದೊಂದೇ ಪದ ಮಾಡುತ್ತದೆ. ಕರೆ ಮಾಡಿದವರ ‘ಹಲೋ’ ಕೂಗು, ಎತ್ತಿಕೊಂಡವರ ‘ಹಲೋ’ ಓಗೊಟ್ಟ ದನಿ. ಈ ಪದದ ಚರಿತ್ರೆಯಲ್ಲಿ ಮುಂದೆ ಬರುವ ಪ್ರತಿಯೊಂದು ತಿರುವನ್ನೂ ಈ ಕೂಗಿನ ಗುಣದಿಂದ ವಿವರಿಸಬಹುದು.

ಇದು ಎಷ್ಟು ಹಳೆಯ ಪದ? ಎಲ್ಲಿಂದ ಬಂತು?

ಈಗ ನಾವು ಬರೆಯುವ ಕಾಗುಣಿತದಲ್ಲಿ ‘ಹಲೋ’ ಅಚ್ಚಾಗಿ ಸಿಗುವುದು 1820ರ ದಶಕದ ಅಮೆರಿಕದ ಪತ್ರಿಕೆಗಳಲ್ಲಿ. ಅಂದರೆ ಭಾಷೆಯ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ವಯಸ್ಸಾಗಿಲ್ಲ. ಆದರೆ ಅದರ ಒಡಹುಟ್ಟುಗಳು ತುಂಬ ಹಳೆಯವು. ಸ್ವರಗಳನ್ನು ಅತ್ತಿತ್ತ ಬದಲಿಸಿಕೊಂಡ ‘ಹೊಲ್ಲಾ’, ‘ಹೊಲ್ಲೋ’, ‘ಹ್ಯಾಲೂ’, ‘ಹಲ್ಲೋ’, ‘ಹುಲ್ಲೋ’ ಎಂಬ ರೂಪಗಳು ಬೇರೆ ಬೇರೆ ಕಾಲದಲ್ಲಿ ಇಂಗ್ಲಿಷಿನಲ್ಲಿ ಓಡಾಡಿವೆ. ಇವುಗಳಲ್ಲಿ ‘ಹೊಲ್ಲಾ’ ಫ್ರೆಂಚಿನ ‘ಓಲಾ’ದಿಂದ 16ನೆಯ ಶತಮಾನದಲ್ಲಿ ಬಂದಿತು, ‘ಎಲೈ, ಅಲ್ಲಿ ನಿಲ್ಲು’ ಎಂಬಂತಹ ಕೂಗು ಅದು. ಶೇಕ್ಸ್‌ಪಿಯರನ ನಾಟಕಗಳ ಪಾತ್ರಗಳು ಈ ಬಗೆಯ ಕೂಗುಗಳನ್ನು ಧಾರಾಳವಾಗಿ ಹಾಕುತ್ತವೆ. ‘ಹ್ಯಾಲೂ’ ಎಂಬುದು ಬೇಟೆಗಾರರು ನಾಯಿಗಳನ್ನು ಹುರಿದುಂಬಿಸಿ ಛೂ ಬಿಡುವ ದನಿಯಾಗಿತ್ತು. ‘ಅರಚಿ ಕರೆ’ ಎಂಬ ಅರ್ಥದಲ್ಲಿ ಅಮೆರಿಕದವರು ಇಂದಿಗೂ ಬಳಸುವ ‘ಹಾಲರ್’ ಎಂಬ ಕ್ರಿಯಾಪದವೂ ಇದೇ ಬಳಗಕ್ಕೆ ಸೇರಿದ್ದು.

ಇನ್ನೂ ಹಿಂದಕ್ಕೆ ಹೋದರೆ, ನಿಘಂಟುಕಾರರು ಹಳೆಯ ಹೈ ಜರ್ಮನ್ ಭಾಷೆಯ ‘ಹಲಾ’ ಅಥವಾ ‘ಹೊಲಾ’ ಎಂಬ ಆಜ್ಞಾರ್ಥಕ ರೂಪವನ್ನು ತೋರಿಸುತ್ತಾರೆ. ‘ತಾ’, ‘ಕರೆತಾ’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ರೂಪವನ್ನು ಮುಖ್ಯವಾಗಿ ಹೊಳೆಯ ಆಚೆ ದಡದಲ್ಲಿರುವ ಅಂಬಿಗನನ್ನು ಕೂಗಲು ಬಳಸುತ್ತಿದ್ದರೆಂಬುದು ಅವರ ವಿವರಣೆ. ಇದು ಸಾಧ್ಯತೆಯ ಮಟ್ಟದಲ್ಲಿ ಹೇಳುವ ಮಾತೇ ಹೊರತು ಸಾಬೀತಾದ ವಂಶವೃಕ್ಷವಲ್ಲ. ಕೂಗುಗಳು ಬರವಣಿಗೆಗೆ ಸಿಕ್ಕುವುದು ಅಪರೂಪ. ಜನ ನೂರಾರು ವರ್ಷ ಕೂಗಿದ ಮೇಲೆ ಎಂದೋ ಒಬ್ಬ ಬರಹಗಾರ ಅದನ್ನು ಅಕ್ಷರಕ್ಕಿಳಿಸುತ್ತಾನೆ, ಅದೂ ತನ್ನ ಕಿವಿಗೆ ಕೇಳಿಸಿದಂತೆ. ಆದ್ದರಿಂದ ಇಂತಹ ಪದಗಳಿಗೆ ಒಂದೇ ಒಂದು ಮೂಲವನ್ನು ಬೆರಳಿಟ್ಟು ತೋರಿಸುವವರ ಮಾತನ್ನು ಎಚ್ಚರದಿಂದ ಕೇಳಬೇಕು.

ಗ್ರಹಾಂ ಬೆಲ್ ಅವರ ಪ್ರೇಯಸಿಯ ಹೆಸರು ಮಾರ್ಗರೆಟ್ ಹಲೋ ಎಂದಿತ್ತು, ಅದರಿಂದಲೇ ಈ ಪದ ಬಂತು ಎನ್ನುತ್ತಾರೆ. ಇದು ನಿಜವೇ?

ನಿಜವಲ್ಲ. ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಈ ಕತೆಯಲ್ಲಿ ಒಂದಂಶವೂ ದಾಖಲೆಗೆ ನಿಲ್ಲುವುದಿಲ್ಲ. ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ದೂರವಾಣಿಯ ಪೇಟೆಂಟ್ ದೊರೆತದ್ದು 1876ರ ಮಾರ್ಚ್ 7ರಂದು. ಮೂರು ದಿನಗಳ ಬಳಿಕ, ಮಾರ್ಚ್ 10ರಂದು, ಅವರು ತಂತಿಯ ಮೂಲಕ ಆಡಿದ ಮೊದಲ ವಾಕ್ಯದಲ್ಲಿ ತಮ್ಮ ಸಹಾಯಕ ಥಾಮಸ್ ವಾಟ್ಸನ್ ಅವರನ್ನು ತಮ್ಮ ಬಳಿಗೆ ಬರುವಂತೆ ಕರೆದಿದ್ದರು. ಆ ವಾಕ್ಯದಲ್ಲಿ ‘ಹಲೋ’ ಇಲ್ಲ. ಅಷ್ಟು ಹೊತ್ತಿಗೆ ಈ ಪದ ಅಮೆರಿಕದಲ್ಲಿ ಅಚ್ಚಾಗತೊಡಗಿ ಅರ್ಧ ಶತಮಾನವೇ ಕಳೆದಿತ್ತು. ದೂರವಾಣಿಗಿಂತ ಹಳೆಯದಾದ ಪದವೊಂದು ದೂರವಾಣಿಯ ಶೋಧಕರ ಗೆಳತಿಯ ಹೆಸರಿನಿಂದ ಹುಟ್ಟಲು ಸಾಧ್ಯವಿಲ್ಲ ಎಂಬ ಒಂದೇ ಕಾರಣ ಈ ಕತೆಯನ್ನು ತಳ್ಳಿಹಾಕಲು ಸಾಕು.

ಆದರೂ ಇಷ್ಟಕ್ಕೇ ನಿಲ್ಲಿಸಲು ಮನಸ್ಸಾಗುವುದಿಲ್ಲ, ಏಕೆಂದರೆ ಈ ಕಟ್ಟುಕತೆ ನಿಜವಾಗಿ ಬದುಕಿದ್ದ ಒಬ್ಬ ಮಹಿಳೆಯನ್ನು ಮರೆಮಾಡುತ್ತದೆ. ಬೆಲ್ ಪ್ರೀತಿಸಿ, 1877ರ ಜುಲೈ 11ರಂದು ಮದುವೆಯಾದದ್ದು ಮೇಬಲ್ ಹಬ್ಬರ್ಡ್ ಅವರನ್ನು. ಐದನೆಯ ವಯಸ್ಸಿನಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಮೇಬಲ್ ಶ್ರವಣಶಕ್ತಿಯನ್ನು ಪೂರ್ತಿಯಾಗಿ ಕಳೆದುಕೊಂಡಿದ್ದರು. ತುಟಿಗಳ ಚಲನೆ ನೋಡಿ ಮಾತನ್ನು ಗ್ರಹಿಸುವುದರಲ್ಲಿ ನುರಿತಿದ್ದರು. ಕಿವುಡರ ಶಿಕ್ಷಕರಾಗಿದ್ದ ಬೆಲ್ ಅವರ ಬಳಿಗೆ ವಿದ್ಯಾರ್ಥಿನಿಯಾಗಿ ಬಂದಿದ್ದರು. ಮದುವೆಯ ಉಡುಗೊರೆಯಾಗಿ ಬೆಲ್ ತಮ್ಮ ಕಂಪನಿಯ ಷೇರುಗಳಲ್ಲಿ ಹತ್ತನ್ನು ಮಾತ್ರ ತಮಗಿಟ್ಟುಕೊಂಡು, ಉಳಿದವನ್ನೆಲ್ಲ ಅವರ ಹೆಸರಿಗೆ ಬರೆದುಕೊಟ್ಟರು. ಬೆಲ್ ದೂರವಾಣಿಯಲ್ಲಿ ಏನನ್ನು ಹೇಳಿದ್ದರೂ ಅದು ಅವರು ಪ್ರೀತಿಸಿದ ಹೆಣ್ಣಿಗೆ ಕೇಳಿಸುವಂತಿರಲಿಲ್ಲ. ಮಾರ್ಗರೆಟ್ ಕತೆಯನ್ನು ಮುಂದಕ್ಕೆ ಕಳುಹಿಸುವವರು ಒಮ್ಮೆ ಮೇಬಲ್ ಅವರ ಬದುಕನ್ನು ಓದಿ ನೋಡಬೇಕೆಂಬುದು ನನ್ನ ಕೋರಿಕೆ; ಕಲ್ಪಿಸಿದ ಕತೆಗಿಂತ ಅದು ಎಷ್ಟೋ ಪಾಲು ಮನಸ್ಸನ್ನು ತಟ್ಟುತ್ತದೆ.

ಹಾಗಾದರೆ ಬೆಲ್ ಸ್ವತಃ ಏನೆನ್ನುತ್ತಿದ್ದರು?

ಅವರ ಆಯ್ಕೆ ‘ಅಹಾಯ್’. ಒಂದು ಹಡಗಿನವರು ಇನ್ನೊಂದು ಹಡಗಿನವರನ್ನು ಕೂಗಿ ಕರೆಯುವಾಗ ಹಾಕುತ್ತಿದ್ದ ನಾವಿಕರ ಕೇಕೆ ಇದು. ಎಲ್ಲರೂ ‘ಹಲೋ’ಗೆ ಒಗ್ಗಿಕೊಂಡ ಮೇಲೂ ಬೆಲ್ ತಮ್ಮ ಪದವನ್ನು ಬಿಟ್ಟುಕೊಡಲಿಲ್ಲ. ಬೆಲ್ ಆರಿಸಿದ್ದೂ ವಂದನೆಯ ಮಾತನ್ನಲ್ಲ, ದೂರದಿಂದ ಕೂಗುವ ಮಾತನ್ನೇ ಎಂಬುದನ್ನು ಗಮನಿಸಬೇಕು. ಹೊಸ ಯಂತ್ರ ಬೇಡುತ್ತಿದ್ದುದು ಅದನ್ನೇ.

‘ಹಲೋ’ವನ್ನು ಕಂಡುಹಿಡಿದದ್ದು ಎಡಿಸನ್ ಎನ್ನುವುದು ಸರಿಯೇ?

ಕಂಡುಹಿಡಿದರು ಎಂಬುದು ತಪ್ಪು, ದೂರವಾಣಿಗೆ ಅದನ್ನು ಸೂಚಿಸಿದರು ಎಂಬುದು ಸರಿ. 1877ರ ಆಗಸ್ಟ್ 15ರಂದು ಥಾಮಸ್ ಆಲ್ವಾ ಎಡಿಸನ್ ಅವರು ಪಿಟ್ಸ್‌ಬರ್ಗ್ ನಗರದ ತಂತಿ ಕಂಪನಿಯೊಂದರ ಅಧ್ಯಕ್ಷರಾಗಿದ್ದ ಟಿ.ಬಿ.ಎ. ಡೇವಿಡ್ ಅವರಿಗೆ ಒಂದು ಚಿಕ್ಕ ಪತ್ರ ಬರೆದರು. ಪಿಟ್ಸ್‌ಬರ್ಗಿನಲ್ಲಿ ದೂರವಾಣಿಯನ್ನು ಆರಂಭಿಸುವ ಸಿದ್ಧತೆ ಆಗ ನಡೆದಿತ್ತು. ಕರೆಗಂಟೆಯ ಅಗತ್ಯ ಬೀಳಲಾರದು, ‘ಹಲೋ’ ಎಂದರೆ 10ರಿಂದ 20 ಅಡಿ ದೂರಕ್ಕೆ ಕೇಳಿಸುತ್ತದೆ, ನಿಮ್ಮ ಅಭಿಪ್ರಾಯವೇನು ಎಂಬುದು ಪತ್ರದ ತಿರುಳು. ಈ ಪತ್ರ ಬಹುಕಾಲ ಕಡತಗಳಲ್ಲೇ ಉಳಿದಿತ್ತು. ಬ್ರೂಕ್ಲಿನ್ ಕಾಲೇಜಿನ ಪ್ರಾಧ್ಯಾಪಕ ಆಲನ್ ಕೋನಿಗ್ಸ್‌ಬರ್ಗ್ ಅದನ್ನು ದೂರವಾಣಿ ಕಂಪನಿಯ ಹಳೆಯ ಕಾಗದಪತ್ರಗಳಲ್ಲಿ ಪತ್ತೆಹಚ್ಚಿದರು.

ಈ ಪತ್ರ ನಮಗೆ ವಿಚಿತ್ರವೆನಿಸಲು ಕಾರಣವಿದೆ. ದೂರವಾಣಿ ಎಂದರೆ ಗಂಟೆ ಬಾರಿಸುವ ಯಂತ್ರ ಎಂಬುದು ನಮ್ಮ ಅನುಭವ. ಆದರೆ ಮೊದಲ ವರ್ಷಗಳಲ್ಲಿ ಅದನ್ನು ಎರಡು ನಿಶ್ಚಿತ ಸ್ಥಳಗಳ ನಡುವೆ ಸದಾ ತೆರೆದೇ ಇರುವ ಮಾರ್ಗವೆಂದು ಕಲ್ಪಿಸಿಕೊಂಡಿದ್ದರು. ಕಚೇರಿಯಿಂದ ಕಾರ್ಖಾನೆಗೆ ಒಂದು ತಂತಿ ಎಳೆದರೆ ಅದು ಹಗಲೆಲ್ಲ ಜೋಡಿಸಿಯೇ ಇರುತ್ತಿತ್ತು. ಅತ್ತಲಿನ ಕೋಣೆಯಲ್ಲಿ ಬೇರೆ ಕೆಲಸದಲ್ಲಿ ತೊಡಗಿರುವ ಮನುಷ್ಯನಿಗೆ ‘ಇತ್ತ ಕಿವಿಗೊಡು’ ಎಂದು ತಿಳಿಸುವುದು ಹೇಗೆ ಎಂಬುದೇ ತೊಡಕಾಗಿತ್ತು. ಅದಕ್ಕೆ ಎಡಿಸನ್ ಕೊಟ್ಟ ಉತ್ತರ, ಕೂಗಿ ಕರೆಯಿರಿ ಎಂಬುದು. ಕೆಲವೇ ಸಮಯದಲ್ಲಿ ಕರೆಗಂಟೆಯೂ ಬಂದಿತು, ಎಡಿಸನ್ ಅವರ ಊಹೆ ಆ ಮಟ್ಟಿಗೆ ಸುಳ್ಳಾಯಿತು. ಪದ ಮಾತ್ರ ಗಂಟೆಯ ಜತೆಯಲ್ಲೇ ಉಳಿದುಕೊಂಡಿತು.

ಆಗಲೇ ಬಳಕೆಯಲ್ಲಿದ್ದ ‘ಗುಡ್ ಮಾರ್ನಿಂಗ್’ನಂತಹ ವಂದನೆ ಏಕೆ ಸಾಲಲಿಲ್ಲ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೆ ಪದದ ಗೆಲುವಿನ ಗುಟ್ಟು ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. 19ನೆಯ ಶತಮಾನದ ಇಂಗ್ಲಿಷ್ ಭಾಷಿಕರ ಶಿಷ್ಟಾಚಾರದಲ್ಲಿ ವಂದನೆ ಎಂಬುದು ಎದುರಿಗಿರುವವರು ಯಾರೆಂದು ತಿಳಿದ ಮೇಲೆ ಆಡುವ ಮಾತು. ಅವರ ಅಂತಸ್ತು, ವಯಸ್ಸು, ಪರಿಚಯದ ಗಾಢತೆ, ದಿನದ ಹೊತ್ತು ಇವನ್ನೆಲ್ಲ ನೋಡಿ ಮಾತನ್ನು ಆರಿಸಿಕೊಳ್ಳಬೇಕಾಗಿತ್ತು. ಮೂರನೆಯವರು ಪರಿಚಯ ಮಾಡಿಕೊಡದೆ ಅಪರಿಚಿತರೊಡನೆ ಮಾತಿಗಿಳಿಯುವುದು ಸಲ್ಲದ ನಡತೆಯಾಗಿತ್ತು. ದೂರವಾಣಿ ಈ ಇಡೀ ಏರ್ಪಾಡನ್ನೇ ತಲೆಕೆಳಗು ಮಾಡಿತು. ಅತ್ತ ಕಡೆ ಇರುವವರು ಯಜಮಾನರೋ ಆಳೋ, ಗಂಡಸೋ ಹೆಂಗಸೋ, ಅಸಲು ಅಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂಬುದೇ ತಿಳಿಯದೆ ಮೊದಲ ಮಾತು ಆಡಬೇಕಾಯಿತು. ಯಾರಿಗೂ ವಂದಿಸದ, ಯಾರನ್ನೂ ಮೇಲಕ್ಕೇರಿಸದ, ಕೆಳಗಿಳಿಸದ ಪದವೊಂದು ಬೇಕಿತ್ತು. ಬ್ರಿಟನ್ನಿನಲ್ಲಿ ‘ನೀವು ಅಲ್ಲಿದ್ದೀರಾ?’ ಎಂದು ಕೇಳುವ ರೂಢಿ ಬಹುಕಾಲ ಇತ್ತು. ‘ಏನು ಬೇಕಾಗಿತ್ತು?’, ‘ಮಾತಿಗೆ ಸಿದ್ಧರಿದ್ದೀರಾ?’ ಎಂಬಂತಹ ಮಾತುಗಳನ್ನೂ ಕೆಲವರು ಪ್ರಯೋಗಿಸಿ ನೋಡಿದರು. ಆದರೆ ಚಿಕ್ಕದಾದ, ದನಿ ಏರಿಸಿ ಹೇಳಲು ಅನುಕೂಲವಾದ, ಕೊನೆಯ ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದಾದ ‘ಹಲೋ’ದ ಮುಂದೆ ಆ ಉದ್ದನೆಯ ಪ್ರಶ್ನೆಗಳು ನಿಲ್ಲಲಿಲ್ಲ. ಮಂದವಾಗಿ, ಗೊರಗೊರ ಸದ್ದಿನ ನಡುವೆ ಕೇಳಿಸುತ್ತಿದ್ದ ಅಂದಿನ ತಂತಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಪದ ಜನಸಾಮಾನ್ಯರಿಗೆ ಹರಡಿದ್ದು ಹೇಗೆ?

ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಜೋಡಿಸಿಕೊಡುವ ವಿನಿಮಯ ಕೇಂದ್ರಗಳ ಮೂಲಕ. ಮೊದಲ ವಾಣಿಜ್ಯ ದೂರವಾಣಿ ವಿನಿಮಯ ಕೇಂದ್ರ 1878ರ ಜನವರಿ 28ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ಆರಂಭವಾದಾಗ ಅದಕ್ಕಿದ್ದವರು 21 ಚಂದಾದಾರರು. ಅದೇ ವರ್ಷ ಅಲ್ಲಿ ಹೊರಬಂದ ಚಂದಾದಾರರ ಕೈಪಿಡಿಯಲ್ಲಿ, ಮಾತನ್ನು ‘ಹುಲೋವಾ’ ಎಂದು ಆರಂಭಿಸಿ ‘ಇಷ್ಟೇ’ ಎಂದು ಮುಗಿಸಬೇಕೆಂಬ ಸೂಚನೆ ಅಚ್ಚಾಯಿತು. ಹೊಸ ಯಂತ್ರದ ಜತೆಗೆ ಅದರಲ್ಲಿ ಮಾತಾಡುವ ಕ್ರಮವನ್ನೂ ಕಲಿಸಬೇಕಾಗಿದ್ದ ಕಾಲ ಅದು. ಆರಂಭದ ಪದ ಉಳಿದು ಜಗತ್ತನ್ನೇ ಸುತ್ತಿತು, ಮುಕ್ತಾಯದ ‘ಇಷ್ಟೇ’ ಹೇಳಹೆಸರಿಲ್ಲದಂತಾಯಿತು.

ಮೊದಮೊದಲು ಕೇಂದ್ರಗಳಲ್ಲಿ ಕೆಲಸಕ್ಕಿದ್ದ ಹುಡುಗರು ಗ್ರಾಹಕರೊಡನೆ ಒರಟಾಗಿ ನಡೆದುಕೊಳ್ಳುತ್ತಿದ್ದುದರಿಂದ ಕಂಪನಿಗಳು ಮಹಿಳೆಯರನ್ನು ನೇಮಿಸಿಕೊಳ್ಳತೊಡಗಿದವು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಕೆಲಸಕ್ಕೆ ಸೇರಿದ ಎಮ್ಮಾ ನಟ್ ಅವರನ್ನು ಮೊದಲ ಮಹಿಳಾ ನಿರ್ವಾಹಕಿ ಎಂದು ಗುರುತಿಸಲಾಗುತ್ತದೆ. ದಿನವಿಡೀ ಈ ಪದವನ್ನೇ ಹೇಳುತ್ತಿದ್ದ ಅವರಂಥವರಿಗೆ ‘ಹಲೋ ಗರ್ಲ್ಸ್’ ಎಂಬ ಹೆಸರೇ ಬಿದ್ದಿತು. ಒಂದನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಇನ್ನೂರಕ್ಕೂ ಹೆಚ್ಚು ಮಹಿಳಾ ನಿರ್ವಾಹಕಿಯರನ್ನು ಫ್ರಾನ್ಸಿಗೆ ಕಳುಹಿಸಿದಾಗಲೂ ಅವರನ್ನು ಕರೆದದ್ದು ಇದೇ ಹೆಸರಿನಿಂದ. ಸಮವಸ್ತ್ರ ಧರಿಸಿ, ಪ್ರತಿಜ್ಞೆ ಸ್ವೀಕರಿಸಿ, ರಣರಂಗದ ಆದೇಶಗಳನ್ನು ತಂತಿಯಿಂದ ತಂತಿಗೆ ದಾಟಿಸಿದ ಆ ಹೆಣ್ಣುಮಕ್ಕಳನ್ನು ಯುದ್ಧ ಮುಗಿದ ಮೇಲೆ ಸರ್ಕಾರ ಸೈನಿಕರೆಂದು ಒಪ್ಪಲಿಲ್ಲ. 1977ರಲ್ಲಿ ಕಾನೂನು ಬಂದ ಬಳಿಕವಷ್ಟೇ ಅವರಿಗೆ ಮಾಜಿ ಸೈನಿಕರ ಮಾನ್ಯತೆ ದೊರೆಯಿತು. ಆ ವೇಳೆಗೆ ಅವರಲ್ಲಿ ಬಹುತೇಕರು ತೀರಿಕೊಂಡಿದ್ದರು. ಲಘುವಾಗಿ ಕಾಣುವ ಒಂದು ಅಡ್ಡಹೆಸರಿನ ಹಿಂದೆ ಇಂತಹ ಅನ್ಯಾಯವೂ ಅಡಗಿರುತ್ತದೆ.

ಒಂದು ಕಾಲದಲ್ಲಿ ‘ಹಲೋ’ ಎನ್ನುವುದು ಅಸಭ್ಯವಾಗಿತ್ತೇ?

ಹೌದು, ಹಾಗೆ ಭಾವಿಸುವವರು ಬಹಳ ಮಂದಿ ಇದ್ದರು. ಬೇಟೆಯ ಬಯಲಿನಲ್ಲಿ, ದೋಣಿಯ ದಡದಲ್ಲಿ ಹಾಕುವ ಕೂಗನ್ನು ಮರ್ಯಾದಸ್ಥರ ಮನೆಯೊಳಕ್ಕೆ ತರುವುದು ಅವರಿಗೆ ಸಹಿಸದಾಗಿತ್ತು. ಅಮೆರಿಕದ ಶಿಷ್ಟಾಚಾರದ ಲೇಖಕಿ ಎಮಿಲಿ ಪೋಸ್ಟ್ 1922ರಲ್ಲಿ ಕೂಡ ಈ ಪದವನ್ನು ಎಚ್ಚರದಿಂದಲೇ ಸ್ವೀಕರಿಸಿದರು. ಅತ್ಯಂತ ಆಪ್ತರನ್ನು, ತೀರ ಸಲಿಗೆಯ ಸಂದರ್ಭದಲ್ಲಿ ಹೀಗೆ ಮಾತಾಡಿಸುವುದು ಈಗಿನ ರೂಢಿ, ಹೇಳುವ ಧಾಟಿಯಿಂದಾಗಿ ಅದು ಒಪ್ಪಿತವಾಗುತ್ತದೆ, ಗಟ್ಟಿಯಾಗಿ ಅರಚಿದರೆ ಮಾತ್ರ ಒರಟುತನ ಎಂಬುದು ಅವರ ನಿಲುವು. ಅಂದರೆ ದೂರವಾಣಿಯಲ್ಲಿ ನೆಲೆಯೂರಿ ನಾಲ್ಕು ದಶಕ ಕಳೆದ ಮೇಲೂ ಮುಖಾಮುಖಿ ಮಾತಿನಲ್ಲಿ ಅದಕ್ಕೆ ಪೂರ್ತಿ ಪ್ರವೇಶ ಸಿಕ್ಕಿರಲಿಲ್ಲ. ಇಂದು ಇದೇ ಪದವನ್ನು ಸಭ್ಯವಾದ, ಕೊಂಚ ಔಪಚಾರಿಕವೂ ಆದ ವಂದನೆಯೆಂದು ಪರಿಗಣಿಸುತ್ತಾರೆ. ಪದಗಳ ಮಾನ ಅವಮಾನಗಳು ಪದಗಳಲ್ಲಿಲ್ಲ, ಅವನ್ನು ಬಳಸುವ ಸಮಾಜದ ಕಣ್ಣಿನಲ್ಲಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇದರೊಳಗೆ ನರಕ ಎಂಬರ್ಥದ ‘ಹೆಲ್’ ಇದೆಯಲ್ಲವೇ?

ಅಕ್ಷರಗಳ ಹೋಲಿಕೆಯಷ್ಟೇ ಇದೆ, ಸಂಬಂಧವಿಲ್ಲ. ‘ಹೆಲ್’ ಪ್ರಾಚೀನ ಇಂಗ್ಲಿಷಿನಿಂದಲೇ ಬಂದ ಬೇರೆ ಪದ. ‘ಹಲೋ’ದ ಪೂರ್ವರೂಪಗಳಲ್ಲಿ ಮೊದಲ ಸ್ವರ ಅ, ಒ, ಉ ಎಂದು ಬದಲಾಗುತ್ತಲೇ ಇದ್ದು, ‘ಎ’ಕಾರದ ಬರಹ ನೆಲೆನಿಂತದ್ದೇ ತಡವಾಗಿ. ಆದರೂ ಈ ಶಂಕೆ ಎಷ್ಟು ಬಲವಾಗಿತ್ತೆಂದರೆ, 1997ರ ಜನವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಕ್ಲೆಬರ್ಗ್ ಕೌಂಟಿಯ ಆಡಳಿತ ಮಂಡಳಿಯು ‘ಹಲೋ’ ಬದಲಿಗೆ ಸ್ವರ್ಗವನ್ನು ನೆನಪಿಸುವ ‘ಹೆವನ್-ಓ’ ಎಂಬುದನ್ನು ತನ್ನ ಅಧಿಕೃತ ವಂದನೆಯಾಗಿ ಘೋಷಿಸಿತು. ಬಳಕೆ ಮಾತ್ರ ಬದಲಾಗಲಿಲ್ಲ.

ಆರೋಗ್ಯಕ್ಕೆ ಸಂಬಂಧಿಸಿದ ‘ಹೇಲ್’, ಹಂಗೇರಿಯನ್ನಿನ ‘ಹಲ್ಲೊಮ್’ ಇವುಗಳಿಂದ ಬಂತು ಎನ್ನುವ ವಾದಗಳು?

‘ಹೇಲ್’ ಎಂಬ ಹಳೆಯ ವಂದನೆ ಸ್ಕಾಂಡಿನೇವಿಯಾ ಕಡೆಯ ಪದದಿಂದ ಬಂದದ್ದು. ‘ಕ್ಷೇಮವಾಗಿರು’ ಎಂಬ ಹಾರೈಕೆ ಅದರಲ್ಲಿದೆ, ‘ಹೆಲ್ತ್’ ಅದರ ನಂಟು. ‘ಹಲೋ’ದಲ್ಲಿ ಹಾರೈಕೆ ಎಂದೂ ಇರಲಿಲ್ಲ, ಕರೆ ಮಾತ್ರ ಇತ್ತು. ಎಡಿಸನ್ ಅವರೊಡನೆ ಕೆಲಸ ಮಾಡಿದ್ದ ಹಂಗೇರಿಯ ತಿವದಾರ್ ಪುಷ್ಕಾಶ್ ಅವರು ತಂತಿಯಲ್ಲಿ ‘ಹಲ್ಲೊಮ್’, ಅಂದರೆ ‘ಕೇಳಿಸುತ್ತಿದೆ’ ಎಂದು ಕೂಗಿದ್ದರಿಂದ ಪದ ಹುಟ್ಟಿತೆಂಬ ಕತೆ ಆ ದೇಶದವರಿಗೆ ಅಭಿಮಾನದ್ದು. ಆದರೆ ಪದ ಅದಕ್ಕೆ ಮೊದಲೇ ಬಳಕೆಯಲ್ಲಿತ್ತು.

ಹಲೋ, ಹೆಲೋ, ಹುಲೋ: ಯಾವುದು ಸರಿ?

ಇಂಗ್ಲಿಷಿನಲ್ಲಿ ಈಗ ‘ಎ’ಕಾರದ ಬರಹವೇ ಎಲ್ಲೆಡೆ ಸಾಮಾನ್ಯ. ‘ಅ’ಕಾರದ ಮತ್ತು ‘ಉ’ಕಾರದ ಬರಹಗಳು ಬ್ರಿಟನ್ನಿನ ಹಳೆಯ ಪುಸ್ತಕಗಳಲ್ಲಿ ಹೇರಳವಾಗಿ ಸಿಗುತ್ತವೆ, ಅವು ತಪ್ಪುಗಳಲ್ಲ. ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳುವುದರಿಂದ ಮೊದಲ ಸ್ವರ ಮಸುಕಾಗಿ, ‘ಅ’ಕ್ಕೂ ‘ಎ’ಕ್ಕೂ ನಡುವೆ ಎಲ್ಲೋ ಕೇಳಿಸುತ್ತದೆ. ಆದ್ದರಿಂದ ಕನ್ನಡದ ‘ಹಲೋ’, ‘ಹೆಲೋ’ ಎರಡೂ ಒಪ್ಪತಕ್ಕವೇ. ಕಿವಿಗೆ ಹೆಚ್ಚು ಹತ್ತಿರವಾದದ್ದು ಮೊದಲನೆಯದು. ಕೊನೆಯ ಸ್ವರವನ್ನು ಮಾತ್ರ ದೀರ್ಘವಾಗಿಯೇ ಬರೆಯುವುದು ಲೇಸು.

ಒಂದೇ ಪದ ಬೇರೆ ಬೇರೆ ಧಾಟಿಯಲ್ಲಿ ಬೇರೆ ಅರ್ಥ ಕೊಡುತ್ತದೆಯೇ?

ಕೊಡುತ್ತದೆ, ಮತ್ತು ಇಂಗ್ಲಿಷ್ ಕಲಿಯುವವರು ನಿಜವಾಗಿ ಗಮನವಿಟ್ಟು ಕೇಳಬೇಕಾದದ್ದು ಇದನ್ನೇ. ದನಿಯನ್ನು ಇಳಿಸುತ್ತ ಹೇಳಿದರೆ ಅದು ವಂದನೆ. ಏರಿಸುತ್ತ ಹೇಳಿದರೆ ಪ್ರಶ್ನೆ: ಯಾರಿದ್ದೀರಿ, ಕೇಳಿಸುತ್ತಿದೆಯೇ, ಮಾರ್ಗ ಕಡಿದುಹೋಯಿತೇ ಎಂಬುದೆಲ್ಲ ಆ ಒಂದು ಏರಿನಲ್ಲಿ ಬರುತ್ತದೆ. ಬ್ರಿಟಿಷರು ಅನಿರೀಕ್ಷಿತವಾದದ್ದೇನನ್ನಾದರೂ ಕಂಡಾಗ ‘ಹಲೋ, ಇದೇನಿದು!’ ಎಂದು ತಮ್ಮಷ್ಟಕ್ಕೆ ಉದ್ಗರಿಸುವುದುಂಟು. ಅಲ್ಲಿ ಎದುರಿಗೆ ಯಾರೂ ಇರಬೇಕಾಗಿಲ್ಲ. ಇನ್ನೊಂದು ಬಗೆ ಆಕ್ಷೇಪದ್ದು. ಎದ್ದು ಕಾಣುವ ಸಂಗತಿಯನ್ನು ಯಾರಾದರೂ ಅರಿಯದೆ ಮಾತಾಡಿದಾಗ, ಕೊನೆಯ ಸ್ವರವನ್ನು ಎಳೆದು ‘ಹಲೋ?’ ಎಂದರೆ ‘ನಿಮ್ಮ ಗಮನ ಎಲ್ಲಿದೆ?’ ಎಂದು ಚುಚ್ಚಿದಂತೆ. ಇದನ್ನು ಹಿರಿಯರೊಡನೆ, ಅಪರಿಚಿತರೊಡನೆ ಬಳಸುವುದು ಒರಟುತನ. ಈ ನಾಲ್ಕೂ ಬಗೆಗಳಲ್ಲಿ ವಂದನೆಯನ್ನು ಬಿಟ್ಟು ಉಳಿದವೆಲ್ಲ ಹಳೆಯ ಕೂಗಿನ ಕವಲುಗಳೇ ಎಂಬುದನ್ನು ಓದುಗರು ಗುರುತಿಸಬಹುದು.

ಧಾಟಿಯ ಪರಿಣಾಮ ಎಷ್ಟು ಬೇಗನೆ ಆಗುತ್ತದೆ ಎಂಬುದಕ್ಕೆ 2014ರಲ್ಲಿ ಪ್ರಕಟವಾದ, ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡ ಅಧ್ಯಯನವೊಂದನ್ನು ನೆನೆಯಬಹುದು. ಅವರು 64 ಜನರ ದನಿಯಲ್ಲಿ ‘ಹಲೋ’ ಎಂಬ ಪದವೊಂದನ್ನಷ್ಟೇ ಕೇಳಿಸಿ, ಮಾತಾಡಿದವರ ಸ್ವಭಾವ ಹೇಗಿರಬಹುದೆಂದು ಅಂದಾಜಿಸಲು ಕೇಳುಗರನ್ನು ಕೋರಿದರು. ಅರ್ಧ ಸೆಕೆಂಡನ್ನೂ ಮೀರದ ಆ ದನಿಯಿಂದಲೇ ಯಾರು ನಂಬಿಕೆಗೆ ಯೋಗ್ಯರು, ಯಾರು ಅಧಿಕಾರದ ಸ್ವಭಾವದವರು ಎಂಬುದರ ಬಗ್ಗೆ ಕೇಳುಗರಲ್ಲಿ ಬಹುಮಟ್ಟಿಗೆ ಒಮ್ಮತ ಕಂಡುಬಂದಿತು. ಆ ಅಂದಾಜು ಸತ್ಯವೆಂದಲ್ಲ. ಕೇಳಿದವರ ಮನಸ್ಸಿನಲ್ಲಿ ಅದು ಹಾಗೆ ಮೂಡುತ್ತದೆ ಎಂದಷ್ಟೇ.

‘ಹಾಯ್’, ‘ಹೇ’ ಇವುಗಳಿಗೂ ‘ಹಲೋ’ಗೂ ಏನು ವ್ಯತ್ಯಾಸ?

ಸಲಿಗೆಯ ಪ್ರಮಾಣದಲ್ಲಿ ವ್ಯತ್ಯಾಸ. ‘ಹಲೋ’ವನ್ನು ಯಾರಿಗಾದರೂ ಹೇಳಬಹುದು; ‘ಹಾಯ್’ ಸ್ನೇಹದ ಮಾತು; ‘ಹೇ’ ಅದಕ್ಕಿಂತಲೂ ಹತ್ತಿರದವರಿಗೆ. ಇವೂ ಮೊದಲಿಗೆ ಗಮನ ಸೆಳೆಯುವ ಕೂಗುಗಳೇ ಆಗಿದ್ದು, ಕ್ರಮೇಣ ವಂದನೆಗಳಾದವು.

ಪತ್ರದಲ್ಲಿ, ಇ-ಮೇಲ್‌ನಲ್ಲಿ ಬಳಸಬಹುದೇ?

ಬಳಸಬಹುದು. ಅರ್ಜಿ, ದೂರು, ಕಾನೂನಿನ ಪತ್ರ ಮುಂತಾದ ಕಡೆ ‘ಡಿಯರ್’ ಎಂಬ ಸಂಬೋಧನೆಯೇ ಇಂದಿಗೂ ಕ್ರಮಬದ್ಧ. ಅಷ್ಟು ಬಿಗುವಿಲ್ಲದ ಕಚೇರಿ ಪತ್ರವ್ಯವಹಾರದಲ್ಲಿ ‘ಹಲೋ’ ಮತ್ತು ಹೆಸರು ಸಾಕಾಗುತ್ತದೆ. ವ್ಯಾಕರಣದ ಕಟ್ಟುನಿಟ್ಟಿನ ಪ್ರಕಾರ ‘ಹಲೋ’ ಮತ್ತು ಹೆಸರಿನ ನಡುವೆ ಅಲ್ಪವಿರಾಮ ಬರಬೇಕು, ಏಕೆಂದರೆ ಹೆಸರು ಅಲ್ಲಿ ಸಂಬೋಧನೆ. ರೂಢಿಯಲ್ಲಿ ಬಹಳಷ್ಟು ಜನ ಅದನ್ನು ಬಿಡುತ್ತಾರೆ, ಅದನ್ನು ದೊಡ್ಡ ತಪ್ಪೆಂದು ಯಾರೂ ಎಣಿಸುವುದಿಲ್ಲ. ಆದರೆ ಕಿರುಸಂದೇಶದಲ್ಲಿ ‘ಹಲೋ’ ಎಂದಷ್ಟೇ ಕಳುಹಿಸಿ ಸುಮ್ಮನಾಗುವುದು ಬೇರೆಯೇ ಸಂಗತಿ. ದೂರವಾಣಿಯಲ್ಲಿ ಓಗೊಡುವ ದನಿ ತಕ್ಷಣ ಬರುತ್ತದೆ, ಬರಹದಲ್ಲಿ ಬರುವುದಿಲ್ಲ. ವಿಷಯ ತಿಳಿಸದೆ ಕೂಗಿ ನಿಂತರೆ ಓದಿದವರು ಕಾಯಬೇಕಾಗುತ್ತದೆ. ವಂದನೆಯ ಜತೆಗೇ ಹೇಳಬೇಕಾದುದನ್ನೂ ಬರೆದುಬಿಡುವುದು ಸೌಜನ್ಯ.

ಬೀಳ್ಕೊಡುವಾಗ ‘ಹಲೋ’ ಎನ್ನಬಹುದೇ?

ಇಂಗ್ಲಿಷಿನಲ್ಲಿ ಇಲ್ಲ. ಹಂಗೇರಿಯನ್ನರು ಮಾತ್ರ ಈ ಪದವನ್ನು ಎರವಲು ಪಡೆದು ಭೇಟಿಗೂ ಬೀಳ್ಕೊಡುಗೆಗೂ ಬಳಸುತ್ತಾರೆ.

ಎಲ್ಲ ಭಾಷೆಯವರೂ ದೂರವಾಣಿಯಲ್ಲಿ ಇದನ್ನೇ ಹೇಳುತ್ತಾರೆಯೇ?

ಇಲ್ಲ. ಫ್ರೆಂಚರು ‘ಹ’ಕಾರ ಬಿಟ್ಟು ‘ಅಲ್ಲೋ’ ಎನ್ನುತ್ತಾರೆ, ಅದನ್ನು ಬಹುಮಟ್ಟಿಗೆ ದೂರವಾಣಿಗೇ ಮೀಸಲಿಟ್ಟಿದ್ದಾರೆ. ಇಟಲಿಯವರ ‘ಪ್ರೊಂತೋ’ ಎಂದರೆ ‘ಸಿದ್ಧ’. ಸ್ಪೇನಿನವರ ‘ದೀಗಾ’ ಎಂದರೆ ‘ಹೇಳಿ’. ಅದೇ ಭಾಷೆಯಾಡುವ ಮೆಕ್ಸಿಕೋದವರು ‘ಬ್ವೆನೋ’ ಎನ್ನುತ್ತಾರೆ, ಅದರ ಅರ್ಥ ‘ಒಳ್ಳೆಯದು’. ಜಪಾನಿನವರ ‘ಮೊಶಿ ಮೊಶಿ’ ‘ಹೇಳುತ್ತೇನೆ’ ಎಂಬರ್ಥದ ವಿನಯದ ಕ್ರಿಯಾಪದದಿಂದ ಬಂದದ್ದು. ಜರ್ಮನಿಯಲ್ಲಿ ಕರೆ ಎತ್ತಿದವರು ತಮ್ಮ ಮನೆತನದ ಹೆಸರನ್ನೇ ಹೇಳುವ ರೂಢಿಯಿದೆ. ಪ್ರತಿ ಭಾಷೆಯೂ ಒಂದೇ ತೊಡಕಿಗೆ ತನ್ನದೇ ಉತ್ತರ ಕಂಡುಕೊಂಡಿರುವ ಈ ಬಗೆ ನನಗೆ ತುಂಬ ಪ್ರಿಯವಾದದ್ದು. ಕನ್ನಡಿಗರು ‘ಹಲೋ’ ಎಂದ ಬೆನ್ನಿಗೇ ‘ಹೇಳಿ’ ಎನ್ನುವಾಗ, ಅರಿವಿಲ್ಲದೆಯೇ ಸ್ಪೇನಿನವರ ದಾರಿಯನ್ನೂ ಹಿಡಿದಿರುತ್ತಾರೆ.

ಕಂಪ್ಯೂಟರ್ ಕಲಿಯುವವರು ಮೊದಲಿಗೆ ‘ಹಲೋ, ವರ್ಲ್ಡ್’ ಎಂದು ಬರೆಯುವುದೇಕೆ?

ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುವಾಗ ಪರದೆಯ ಮೇಲೆ ಈ ಎರಡು ಪದಗಳನ್ನು ಮೂಡಿಸುವುದು ಮೊದಲ ಪಾಠವಾಗಿದೆ. ಬೆಲ್ ಪ್ರಯೋಗಾಲಯದ ಬ್ರಯಾನ್ ಕರ್ನಿಗನ್ 1970ರ ದಶಕದ ಆರಂಭದಲ್ಲಿ ತಮ್ಮ ಪಾಠದ ಟಿಪ್ಪಣಿಗಳಲ್ಲಿ ಇದನ್ನು ಬಳಸಿದರು. ಡೆನ್ನಿಸ್ ರಿಚಿ ಅವರೊಡಗೂಡಿ 1978ರಲ್ಲಿ ಪ್ರಕಟಿಸಿದ ‘ಸಿ’ ಭಾಷೆಯ ಪುಸ್ತಕದಿಂದ ಅದು ಎಲ್ಲೆಡೆ ಹಬ್ಬಿತು. ‘ಅಹಾಯ್’ಗೆ ಅಂಟಿಕೊಂಡಿದ್ದ ಬೆಲ್ ಅವರ ಹೆಸರನ್ನೇ ಹೊತ್ತ ಸಂಸ್ಥೆಯಿಂದ ‘ಹಲೋ’ ಹೀಗೆ ಎರಡನೆಯ ಬಾರಿ ಹೊರಟಿತು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ, ಅತ್ತ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸುವ ಮಾತಾಗಿಯೇ ಅಲ್ಲಿಯೂ ಅದು ದುಡಿಯುತ್ತಿದೆ.

ವ್ಯಾಕರಣದಲ್ಲಿ ಇದು ಉದ್ಗಾರ ಮಾತ್ರವೇ?

ನಾಮಪದವಾಗಿಯೂ ಬಳಕೆಯಾಗುತ್ತದೆ, ಬಹುವಚನವೂ ಇದೆ. ‘ನಿಮ್ಮ ತಾಯಿಗೆ ನನ್ನ ಹಲೋ ತಿಳಿಸಿ’ ಎಂಬುದಕ್ಕೆ ಸಮನಾದ ವಾಕ್ಯ ಇಂಗ್ಲಿಷಿನಲ್ಲಿ ದಿನಬಳಕೆಯದು. ಕನ್ನಡಕ್ಕೆ ತರುವಾಗ ‘ಕೇಳಿದೆನೆಂದು ಹೇಳಿ’ ಎನ್ನುವುದೇ ಸಹಜ. ಬ್ರಿಟನ್ನಿನ ಉದ್ಯೋಗ ವಲಯದಲ್ಲಿ ‘ಗೋಲ್ಡನ್ ಹಲೋ’ ಎಂಬ ಮಾತಿದೆ. ಹೊಸದಾಗಿ ಸೇರುವ ಅಧಿಕಾರಿಗೆ ಸೇರುವಾಗಲೇ ಕೊಡುವ ದೊಡ್ಡ ಮೊತ್ತಕ್ಕೆ ಈ ಹೆಸರು.

ಕನ್ನಡದಲ್ಲಿ ಇದಕ್ಕೆ ಬದಲಾಗಿ ‘ನಮಸ್ಕಾರ’ ಸಾಲದೇ?

ವಂದನೆಯ ಕೆಲಸಕ್ಕೆ ಧಾರಾಳವಾಗಿ ಸಾಕು, ‘ಹಲೋ’ಗಿಂತ ಹೆಚ್ಚಿನ ಗೌರವವನ್ನೂ ಅದು ಹೊತ್ತಿದೆ. ಕರೆ ಎತ್ತಿದ ಕೂಡಲೇ ‘ನಮಸ್ಕಾರ’ ಎನ್ನುವವರ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಮಾತಿನ ನಡುವೆ ಮಾರ್ಗ ಕಡಿದು ಸದ್ದು ನಿಂತಾಗ ಯಾರೂ ‘ನಮಸ್ಕಾರ, ನಮಸ್ಕಾರ’ ಎಂದು ಕೂಗುವುದಿಲ್ಲ. ಆಗ ಬೇಕಾದದ್ದು ‘ರೀ’, ‘ಏನ್ರೀ’, ‘ಕೇಳಿಸ್ತಿದೆಯಾ’ ಎಂಬ ಜಾತಿಯ ಮಾತು. ಕನ್ನಡದ ‘ರೀ’ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲುದಾದರೂ, ಬಹುವಚನದ ಗೌರವ ಅದರೊಳಗೇ ಸೇರಿಕೊಂಡಿದೆ. ಮಗುವಿಗೆ, ಏಕವಚನದ ಗೆಳೆಯನಿಗೆ ಅದು ಹೊಂದುವುದಿಲ್ಲ. ನಮ್ಮ ಕರೆಯುವ ಪದಗಳೆಲ್ಲ ಅತ್ತ ಕಡೆಯವರು ಯಾರೆಂದು ಮೊದಲೇ ತಿಳಿದಿರಬೇಕೆಂದು ಬಯಸುತ್ತವೆ: ಹಿರಿಯರೋ ಕಿರಿಯರೋ, ಗಂಡೋ ಹೆಣ್ಣೋ, ನಂಟರೋ ಪರರೋ. ಅದಾವುದೂ ತಿಳಿಯದ ಮೊದಲ ಕ್ಷಣಕ್ಕೆ ಒದಗುವುದರಿಂದಲೇ ‘ಹಲೋ’ ಕನ್ನಡದಲ್ಲಿ ಗಟ್ಟಿಯಾಗಿ ನೆಲೆನಿಂತಿದೆ. ದನಿಯ ಗುರುತು ಸಿಕ್ಕಿದ ಮರುಗಳಿಗೆಯಲ್ಲಿ ‘ಹೇಳಿ ಅಕ್ಕಾ’, ‘ಏನೋ ಮರಿ’, ‘ನಮಸ್ಕಾರ ಸಾರ್’ ಎಂದು ನಮ್ಮದೇ ಮಾತು ಮುಂದುವರಿಯುತ್ತದೆ.